ಮದುವೆಯ ಮೂಲಧನ: ಪಂಜ ಸೀಮೆಯ ಚರಿತ್ರೆ ಕಲಿಸುವ ಪಾಠ

ಮನೆ ಕಟ್ಟುವುದು, ಮದುವೆ ಮಾಡುವುದು ಇವೆರಡೂ ಸಂಸಾರಿಗೆ ಒದಗುವ ದೊಡ್ಡ ಪರೀಕ್ಷೆಗಳೆಂದು ನಮ್ಮ ಹಿರಿಯರು ಗಾದೆಯನ್ನೇ ಕಟ್ಟಿದ್ದಾರೆ. ಕೈಯಲ್ಲಿ ಸಾಗದಿದ್ದರೆ ಮನೆಯ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಮುಂದಿನ ವರ್ಷ ಪೂರೈಸಬಹುದು. ಮದುವೆಯನ್ನು ಹಾಗೆ ನಿಲ್ಲಿಸಲು ಬರುವುದಿಲ್ಲ. ಲಗ್ನ ಗೊತ್ತಾದ ಮೇಲೆ ದಿನಗಳು ತಾವಾಗಿಯೇ ಓಡುತ್ತವೆ. ಖರ್ಚು ಅವುಗಳಿಗಿಂತ ಮುಂದೆ ಓಡುತ್ತದೆ. ಮಠಕ್ಕೆ ಬರುವ ಭಕ್ತರಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: “ಬುದ್ಧೀ, ಮಗಳ ಮದುವೆ ಗೊತ್ತಾಗಿದೆ. ಎಲ್ಲಿಂದ ಆರಂಭಿಸಲಿ? ಯಾರನ್ನು ಕೇಳಲಿ? ಹಣಕ್ಕೆ ಏನು ಮಾಡಲಿ?” ಈ ಪ್ರಶ್ನೆಯ ಹಿಂದೆ ಎಷ್ಟು ಕುಟುಂಬಗಳ ತೋಟ, ಗದ್ದೆ, ನೆಮ್ಮದಿ ಅಡಗಿವೆಯೆಂಬುದನ್ನು ಬಲ್ಲವರೇ ಬಲ್ಲರು.

ವಾಚಕರೇ, ಈ ಪ್ರಶ್ನೆಗೆ ಶಾಸ್ತ್ರದಿಂದ ಉತ್ತರ ಹೇಳಬಹುದು, ಕಾನೂನಿನಿಂದಲೂ ಹೇಳಬಹುದು. ನಾವು ಇಲ್ಲಿ ಚರಿತ್ರೆಯಿಂದ ಉತ್ತರ ಹುಡುಕಲು ಯತ್ನಿಸುತ್ತೇವೆ. ಅದಕ್ಕಾಗಿ ಕರ್ನಾಟಕದ ಒಂದು ಚಿಕ್ಕ ಸೀಮೆಯನ್ನು ಆರಿಸಿಕೊಂಡಿದ್ದೇವೆ. ಅದು ದಕ್ಷಿಣ ಕನ್ನಡ ಜಿಲ್ಲೆಯ ಪಂಜ. ನಮ್ಮ ಮಠದ ಭಕ್ತರಲ್ಲಿ ಬಹುಪಾಲು ಜನಕ್ಕೆ ಇದು ಘಟ್ಟದ ಕೆಳಗಿನ ದೂರದ ನಾಡು. ಆದರೂ ಚರಿತ್ರೆಯಲ್ಲಿ ನಮಗೆ ಹೊರಗಿನದಲ್ಲ. ಕೆಳದಿಯ ನಾಯಕರ ಮತ್ತು ಹಾಲೇರಿಯ ಅರಸರ ಅಂಕಿತ ಈ ಸೀಮೆಯ ಮೇಲೆ ನಡೆದಿದ್ದಿತು, ಇಬ್ಬರೂ ವೀರಶೈವರು.

ಐವತ್ತು ಒಕ್ಕಲಿನ ಊರು

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳು ಒಂದಕ್ಕೊಂದು ತಾಗಿಕೊಂಡಿರುವ ಭಾಗದಲ್ಲಿ, ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ಪಂಜವಿದೆ. ಪರಿವಾರ ಪಂಚಲಿಂಗೇಶ್ವರನ ಸನ್ನಿಧಿ ಇಲ್ಲಿಯದು. ಸುತ್ತಲೂ ಅಡಿಕೆ ತೋಟ, ತಗ್ಗಿನಲ್ಲಿ ಗದ್ದೆ, ಅದರಾಚೆ ಘಟ್ಟದ ಕಾಡು. ಪಂಜಕ್ಕೆ ಸೇರಿದಂತಿರುವ ಒಂದು ಗ್ರಾಮದ ಹೆಸರು ಐವತ್ತೊಕ್ಲು. ಹೆಸರೇ ಅರ್ಥವನ್ನು ಹೇಳುತ್ತದೆ: ಐವತ್ತು ಒಕ್ಕಲುಗಳ ಊರು. ಒಕ್ಕಲೆಂದರೆ ಒಂದು ಮನೆ, ಒಂದು ಒಲೆ, ಒಂದು ಬೇಸಾಯ. ಊರನ್ನು ಗುರುತಿಸಲು ಬೆಟ್ಟವನ್ನಾಗಲಿ ಹೊಳೆಯನ್ನಾಗಲಿ ಹಿಡಿಯದೆ, ಮನೆಗಳ ಎಣಿಕೆಯನ್ನೇ ಹೆಸರಾಗಿಟ್ಟ ಜನರ ಮನೋಧರ್ಮವನ್ನು ಗಮನಿಸಬೇಕು. ಊರಿನ ಬಲ ಯಾವುದೆಂದು ಕೇಳಿದರೆ ಎಷ್ಟು ಮನೆಗಳಿವೆ ಎಂದು ಉತ್ತರ ಹೇಳಿದ ಜನ ಅವರು.

ಈ ಸೀಮೆಯ ಮದುವೆಯ ಚರಿತ್ರೆಯನ್ನು ಅರಿಯಲು ಈ ಹೆಸರಿಗಿಂತ ಒಳ್ಳೆಯ ಕೀಲಿಕೈ ಬೇರೊಂದಿಲ್ಲ. ಮದುವೆಯೊಂದು ನಡೆಯಬೇಕಾದರೆ ಬೇಕಾದುದನ್ನೆಲ್ಲ ಪಟ್ಟಿ ಮಾಡಿ ನೋಡಿರಿ. ಚಪ್ಪರಕ್ಕೆ ಅಡಿಕೆ ಮರದ ಕಂಬ, ಮೇಲೆ ಹೊದಿಸಲು ಹೆಣೆದ ತೆಂಗಿನ ಮಡಲು. ಊಟಕ್ಕೆ ಬೆಳ್ತಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಸೌತೆ, ಕುಂಬಳ, ಬಾಳೆ ಎಲೆ. ಬೇಯಿಸಲು ಕೊಪ್ಪರಿಗೆ, ಕಟಾರ, ಸೌಟು. ಬಂದವರಿಗೆ ಕೂರಲು ಚಾಪೆ, ಮೆಲ್ಲಲು ವೀಳ್ಯದೆಲೆ ಅಡಿಕೆ. ಇವುಗಳಲ್ಲಿ ಬಹುಪಾಲು ವಸ್ತುಗಳು ಆ ಮಣ್ಣಿನಲ್ಲೇ ಬೆಳೆಯುವಂಥವು. ಒಂದು ಮನೆಯಲ್ಲಿ ಎಲ್ಲವೂ ಸಾಕಾಗುವಷ್ಟು ಇರುವುದಿಲ್ಲ. ಐವತ್ತು ಮನೆಗಳಲ್ಲಿ ಇದ್ದೇ ಇರುತ್ತದೆ. ಒಂದು ಮನೆಯಿಂದ ಅಕ್ಕಿಯ ಮುಡಿ ಬಂದರೆ ಇನ್ನೊಂದು ಮನೆಯಿಂದ ಬಾಳೆಗೊನೆ ಬರುತ್ತಿದ್ದಿತು. ಒಬ್ಬರ ಮನೆಯಲ್ಲಿ ಇರಿಸಲಾರದಂಥ ದೊಡ್ಡ ಪಾತ್ರೆಗಳು ದೇವಸ್ಥಾನದಲ್ಲೋ ದೊಡ್ಡ ಮನೆಗಳಲ್ಲೋ ಇದ್ದು, ಕೇಳಿದವರ ಚಪ್ಪರಕ್ಕೆ ಹೋಗಿ ಬೆಳಗಿಸಿಕೊಂಡು ಮರಳುತ್ತಿದ್ದವು. ಮದುವೆಯ ಹಿಂದಿನ ರಾತ್ರಿ ನೆರೆಕರೆಯವರೆಲ್ಲ ಕೂಡಿ ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು ಈ ಪ್ರದೇಶದಲ್ಲಿ ಅರ್ಧ ಕೆಲಸ, ಅರ್ಧ ಹಬ್ಬ.

ಇದನ್ನೆಲ್ಲ ದಾನವೆಂದು ತಿಳಿಯಬಾರದು. ಇದಕ್ಕೆ ಕನ್ನಡದಲ್ಲಿ ಮುಯ್ಯಿ ಎಂಬ ಅಚ್ಚುಕಟ್ಟಾದ ಮಾತಿದೆ. ಇಂದು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ಕೊಟ್ಟದ್ದನ್ನು ನೆನಪಿನಲ್ಲಿಡುವುದು, ಸಮಯ ಬಂದಾಗ ಒಂದು ಹಿಡಿ ಹೆಚ್ಚಾಗಿಯೇ ಹಿಂದಿರುಗಿಸುವುದು ಇದರ ಧರ್ಮ. ಸಾಲಕ್ಕೂ ಮುಯ್ಯಿಗೂ ಇರುವ ಅಂತರವನ್ನು ಓದುಗರು ಚೆನ್ನಾಗಿ ಮನಗಾಣಬೇಕು. ಸಾಲಕ್ಕೆ ಬಡ್ಡಿ ಉಂಟು, ವಾಯಿದೆ ಉಂಟು, ಅಡವು ಉಂಟು. ಮುಯ್ಯಿಗೆ ಇವು ಮೂರೂ ಇಲ್ಲ. ಮುಯ್ಯಿ ತೀರಿಸುವ ದಿನವೆಂದರೆ ನೆರೆಯವನ ಮನೆಯ ಶುಭದಿನ. ಸಾಲ ತೀರಿಸುವ ದಿನ ಯಾರ ಪಾಲಿಗೂ ಶುಭದಿನವಾಗಿ ಬರುವುದಿಲ್ಲ.

ಬುದ್ಧಿ ಹೇಳುವವರು ಯಾರಿದ್ದರು?

ಸಾಮಗ್ರಿಯಂತೆಯೇ ಸಲಹೆಗೂ ಆಗ ವ್ಯವಸ್ಥೆಯಿದ್ದಿತು. ಸುಳ್ಯ ಸೀಮೆಯಲ್ಲಿ ಹೆಚ್ಚು ಸಂಖ್ಯೆಯಲ್ಲಿರುವ ಅರೆಭಾಷೆ ಗೌಡ ಸಮಾಜವನ್ನೇ ತೆಗೆದುಕೊಳ್ಳೋಣ. ಹತ್ತು ಕುಟುಂಬ, ಹದಿನೆಂಟು ಗೋತ್ರ ಎಂಬುದು ಅವರಲ್ಲಿ ರೂಢಿಯ ಮಾತು. ಒಂದೇ ಗೋತ್ರದವರು ಪರಸ್ಪರ ಹೆಣ್ಣು ಕೊಟ್ಟು ತರುವಂತಿಲ್ಲ. ಊರುಗೌಡ, ಮಾಗಣೆ ಗೌಡ, ಸೀಮೆ ಗೌಡ ಎಂಬ ಹಿರಿತನದ ಶ್ರೇಣಿ ಅವರಲ್ಲಿದೆ. ಸಂಬಂಧ ಸರಿಹೊಂದುವುದೋ ಇಲ್ಲವೋ, ಎರಡು ಮನೆಗಳ ನಡುವೆ ಹಳೆಯ ಮನಸ್ತಾಪವೇನಾದರೂ ಉಂಟೋ ಎಂಬ ವಿಚಾರಗಳಿಗೆ ಮನೆಯವರು ಹಿರಿಯರ ಕಡೆಗೆ ನೋಡುತ್ತಿದ್ದರು. ತುಳು ಮಾತನಾಡುವ ಹಲವು ಸಮಾಜಗಳಲ್ಲಿ ಇದೇ ಹೊಣೆಯನ್ನು ಗುರಿಕಾರನೆಂಬ ಹಿರಿಯ ಹೊರುತ್ತಿದ್ದನು. ಯಾವ ಶಾಸ್ತ್ರದ ಬಳಿಕ ಯಾವ ಶಾಸ್ತ್ರ ಎಂಬುದು ಮನೆಯ ಮುದುಕಿಯರಿಗೆ ಬಾಯಿಪಾಠವಾಗಿದ್ದಿತು; ಅವರು ಹಾಡುವ ಶೋಭಾನೆಯ ಹಾಡುಗಳ ಸಾಲೇ ಕಾರ್ಯಕ್ರಮದ ಪಟ್ಟಿ. ಮದುವೆಯ ಕೈಪಿಡಿ ಬೇಕೆಂದು ಯಾರೂ ಅಂಗಡಿಗೆ ಹೋಗಬೇಕಾಗಿರಲಿಲ್ಲ.

ಕಾಲದ ವಿಷಯದಲ್ಲಿ ಮಳೆಯೇ ಗುರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಬುಡದ ಈ ನಾಡಿನಲ್ಲಿ ಸುರಿಯುವ ಮಳೆಗೆ ಮಡಲಿನ ಚಪ್ಪರ ನಿಲ್ಲುವುದಿಲ್ಲ. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಜಾತ್ರೆ, ಕೋಲ, ಯಕ್ಷಗಾನದ ತಿರುಗಾಟ ಇವೆಲ್ಲ ಮುಗಿಯುತ್ತವೆ. ಆಟಿ ತಿಂಗಳಲ್ಲಿ ಶುಭಕಾರ್ಯಗಳಿಲ್ಲ. ಅಡಿಕೆಯ ಕೊಯ್ಲು ಮುಗಿದು, ಸುಗ್ಗಿಯ ಅಕ್ಕಿ ಮನೆಗೆ ಬಂದು, ಮಳೆ ಹಿಡಿಯುವ ಮುನ್ನ ಇರುವ ತಿಂಗಳುಗಳೇ ಮದುವೆಯ ಕಾಲ. ಪಂಚಾಂಗ ಮುಹೂರ್ತವನ್ನು ಹೇಳುತ್ತಿತ್ತು. ಕಣಜ ಅದಕ್ಕೆ ಒಪ್ಪಿಗೆ ಕೊಡುತ್ತಿತ್ತು.

ಪಂಜದ ಹೆಸರು ತುಳುನಾಡಿನ ಮನೆಮಾತಾಗಿರುವುದು ಕೋಟಿ ಚೆನ್ನಯರ ಪಾಡ್ದನದಿಂದ. ಪಡುಮಲೆಯನ್ನು ಬಿಟ್ಟು ಬಂದ ಆ ವೀರ ಸೋದರರಿಗೆ ಪಂಜದ ಸೀಮೆಯಲ್ಲಿ ಒದಗಿದ್ದು ಅಕ್ಕ ಕಿನ್ನಿದಾರುವಿನ ಮನೆ. ಅವಳು ಪಯ್ಯ ಬೈದ್ಯನ ಮಡದಿ. ಪಂಜದ ಬಲ್ಲಾಳನ ಆಸ್ಥಾನದಲ್ಲಿ ಅವರಿಗೆ ಚಂದುಗಿಡಿಯಂಥ ಹಗೆಗಳಿದ್ದರು. ಅಕ್ಕನ ಹೊಸ್ತಿಲಿನೊಳಗೆ ಆದರವಿದ್ದಿತು. ಮದುವೆಯೊಂದು ದೂರದ ಊರಿನಲ್ಲಿ ಒಂದು ಬಾಗಿಲನ್ನು ತೆರೆದಿಡುತ್ತದೆ. ಆಪತ್ತಿನ ದಿನ ಅದರ ಬೆಲೆ ತಿಳಿಯುತ್ತದೆ. ಮದುವೆಯಿಂದ ಬರುವ ನಿಜವಾದ ಸಂಪತ್ತು ಇದು. ಜನಪದರು ಇದನ್ನು ಹಾಡಿನಲ್ಲಿಟ್ಟು ಕಾಪಾಡಿದರು. ನಾವು ಇದನ್ನು ಮರೆತು ಚಿನ್ನದ ತೂಕವನ್ನು ಮಾತ್ರ ಬರೆದಿಡುತ್ತಿದ್ದೇವೆ.

ಮದುವೆಯ ಚಪ್ಪರದಿಂದ ಹೊರಟ ದಂಡು

ಐವತ್ತೊಕ್ಕಲಿನ ಈ ಶಕ್ತಿ ಎಷ್ಟು ದೊಡ್ಡದೆಂಬುದಕ್ಕೆ ಚರಿತ್ರೆಯಲ್ಲೊಂದು ಅಪೂರ್ವ ನಿದರ್ಶನವಿದೆ. ಅದನ್ನು ತಿಳಿಯಲು ರಾಜಕೀಯದ ಹಿನ್ನೆಲೆ ಸ್ವಲ್ಪ ಬೇಕು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಕೆಳದಿಯ ಆಳ್ವಿಕೆ ಕೊನೆಗೊಂಡಿತು. 1799ರಲ್ಲಿ ಟಿಪ್ಪು ಮಡಿದ ತರುವಾಯ ಕರಾವಳಿ ಕಂಪನಿಯ ವಶವಾಯಿತು. ಯುದ್ಧಗಳಲ್ಲಿ ಕಂಪನಿಗೆ ನೆರವಾಗಿದ್ದ ಕೊಡಗಿನ ದೊಡ್ಡವೀರರಾಜೇಂದ್ರನಿಗೆ 19ನೆಯ ಶತಮಾನದ ಆರಂಭದಲ್ಲಿ ಪಂಜ, ಬೆಳ್ಳಾರೆ ಮೊದಲಾದ ಸೀಮೆಗಳು ದೊರೆತವು. ಈ ಅರಸನ ಮದುವೆಯೂ ಚರಿತ್ರೆಯಲ್ಲಿ ದಾಖಲಾಗಿದೆ. 1796ರಲ್ಲಿ ಕೊಡಗಿನ ನಾಲ್ಕುನಾಡು ಅರಮನೆಯಲ್ಲಿ ಮಹದೇವಮ್ಮಾಜಿಯೊಡನೆ ಅವನ ವಿವಾಹ ನಡೆಯಿತು. ಅರಸನ ಮದುವೆಗೆ ಅರಮನೆಯ ಬೊಕ್ಕಸವಿರುತ್ತದೆ. ಒಕ್ಕಲಿನ ಮದುವೆಗೆ ಒಕ್ಕಲುಗಳೇ ಬೊಕ್ಕಸ.

1834ರಲ್ಲಿ ಕಂಪನಿಯು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡಿತು. ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಭಾಗಗಳನ್ನು ಕೊಡಗಿನಿಂದ ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಕೂಡಿಸಿತು. ಜನರನ್ನು ಹೆಚ್ಚಾಗಿ ಕೆರಳಿಸಿದ್ದು ಕಂದಾಯದ ಹೊಸ ಕ್ರಮ. ಕೊಡಗಿನ ಅರಸರ ಕಾಲದಲ್ಲಿ ಬೆಳೆದ ಧಾನ್ಯವನ್ನೇ ಕಂದಾಯವಾಗಿ ಅಳೆದು ಕೊಡಬಹುದಾಗಿದ್ದಿತು. ಕಂಪನಿಯವರು ನಗದು ಹಣವನ್ನೇ ಕೇಳಿದರು. ಹಣ ಗದ್ದೆಯಲ್ಲಿ ಬೆಳೆಯುವುದಿಲ್ಲ. ವಾಯಿದೆ ಬಂದಾಗ ರೈತನು ಸಿಕ್ಕಿದ ಬೆಲೆಗೆ ಭತ್ತ, ಅಡಿಕೆಗಳನ್ನು ಮಾರಬೇಕು, ಇಲ್ಲವೇ ಸಾಲ ಎತ್ತಬೇಕು.

ಈ ಅಸಮಾಧಾನ 1837ರಲ್ಲಿ ಬಂಡಾಯವಾಗಿ ಸ್ಫೋಟಿಸಿತು. ಶನಿವಾರಸಂತೆ ಕಡೆಯ ಪುಟ್ಟಬಸಪ್ಪನೆಂಬವನು ಕಲ್ಯಾಣಸ್ವಾಮಿ ಎಂಬ ಜಂಗಮನ ಹೆಸರಿನಲ್ಲಿ ಮುಂದಾಳಾದನು. ಸುಳ್ಯ ಸೀಮೆಯ ಕೆದಂಬಾಡಿ ರಾಮಗೌಡರು ಬೆನ್ನೆಲುಬಾಗಿ ನಿಂತರು. ದಂಡು ಕೂಡಿಸಬೇಕಲ್ಲ, ಎಲ್ಲಿ ಕೂಡಿಸುವುದು? ನೂರಾರು ಜನ ಒಂದೆಡೆ ಸೇರಿದರೆ ಸರಕಾರಕ್ಕೆ ಗುಮಾನಿ. ಅವರಿಗೆಲ್ಲ ಊಟಕ್ಕೆ ಅಕ್ಕಿ ಬೇಕು, ನೆರಳಿಗೆ ಚಪ್ಪರ ಬೇಕು, ಮನೆಮನೆಗೆ ಹೇಳಿಕೆ ಹೋಗಬೇಕು. ರಾಮಗೌಡರು ತಮ್ಮ ಮನೆಯ ಮದುವೆಯ ನೆಪದಲ್ಲಿ ಉಬರಡ್ಕ ಮಿತ್ತೂರಿನ ಗದ್ದೆಯೊಂದರಲ್ಲಿ ಚಪ್ಪರ ಹಾಕಿಸಿ ಜನರನ್ನು ಕೂಡಿಸಿದರೆಂದು ಆ ಸೀಮೆಯ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಆ ಸ್ಥಳಕ್ಕೆ ಇಂದಿಗೂ ಮದುವೆಗದ್ದೆ ಎಂದೇ ಹೆಸರು. ಅಲ್ಲಿಂದ ಹೊರಟ ದಂಡು ಬೆಳ್ಳಾರೆಯ ಖಜಾನೆಯನ್ನು ಕೈವಶ ಮಾಡಿಕೊಂಡು, ದಾರಿಯುದ್ದಕ್ಕೂ ಬೆಳೆಯುತ್ತ, 1837ರ ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕು ಬಾವುಟಗುಡ್ಡೆಯಲ್ಲಿ ತನ್ನ ಧ್ವಜವನ್ನೇರಿಸಿತು. 13 ದಿನ ಮಂಗಳೂರು ಅವರ ಕೈಯಲ್ಲಿದ್ದಿತು. ಬಳಿಕ ಕಂಪನಿಯ ಪಡೆ ಬಂದು ಬಂಡಾಯವನ್ನು ಅಡಗಿಸಿತು. ಕಲ್ಯಾಣಸ್ವಾಮಿಯೂ ಅನೇಕ ಸಂಗಡಿಗರೂ ಗಲ್ಲಿಗೇರಿದರು. 2022ರ ನವೆಂಬರಿನಲ್ಲಿ ರಾಮಗೌಡರ ಕಂಚಿನ ಪ್ರತಿಮೆ ಅದೇ ಬಾವುಟಗುಡ್ಡೆಯಲ್ಲಿ ಅನಾವರಣಗೊಂಡಿತು.

ಓದುಗರೇ, ಈ ವೃತ್ತಾಂತವನ್ನು ಸ್ವಾತಂತ್ರ್ಯ ಸಂಗ್ರಾಮದ ಅಧ್ಯಾಯವೆಂದು ನೀವು ಓದಿರಬಹುದು. ಇದನ್ನೇ ಮದುವೆಯ ಚರಿತ್ರೆಯ ಅಧ್ಯಾಯವೆಂದು ಮತ್ತೊಮ್ಮೆ ಓದಿ ನೋಡಿರಿ. ಒಂದು ದಂಡನ್ನು ಕೂಡಿಸಿ, ಉಣಿಸಿ, ಹೊರಡಿಸುವಷ್ಟು ಶಕ್ತಿ ಅಂದಿನ ಒಂದು ಮದುವೆಯ ಏರ್ಪಾಡಿನಲ್ಲಿ ಇದ್ದಿತು! ಅದಕ್ಕೆ ಸಾಹುಕಾರನ ಹಣ ಬೇಕಾಗಿರಲಿಲ್ಲ. ಕರೆದರೆ ಬರುವ ಒಕ್ಕಲುಗಳಿದ್ದವು. ಬರುವಾಗ ಬರಿಗೈಯಲ್ಲಿ ಬರಬಾರದೆಂಬ ರೂಢಿಯಿದ್ದಿತು. ಅಷ್ಟೇ ಅಲ್ಲ, ಜನ ಯಾವುದರ ವಿರುದ್ಧ ಎದ್ದರೆಂಬುದನ್ನೂ ಗಮನಿಸಬೇಕು. ಇದ್ದುದನ್ನು ಕೊಡುವ ಬಾಳಿನಿಂದ ಇಲ್ಲದ ನಗದನ್ನು ತರುವ ಬಾಳಿಗೆ ತಮ್ಮನ್ನು ದೂಡಿದುದರ ವಿರುದ್ಧ ಅವರು ಎದ್ದರು. ಬಂಡಾಯ ಸೋತಿತು, ನಗದು ಗೆದ್ದಿತು. ಕಾಲಕ್ರಮದಲ್ಲಿ ಅದು ಕಚೇರಿಯಿಂದ ಚಪ್ಪರದೊಳಕ್ಕೂ ನಡೆದು ಬಂದಿತು.

ಹಳೆಯದೆಲ್ಲ ಹೊನ್ನಲ್ಲ

ಇಷ್ಟು ಹೇಳಿದ ಮಾತ್ರಕ್ಕೆ ಹಿಂದಿನ ಕಾಲವನ್ನು ಕಣ್ಣುಮುಚ್ಚಿ ಹೊಗಳಿದಂತಾಗಬಾರದು. ಐವತ್ತೊಕ್ಕಲಿನ ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಇರಲಿಲ್ಲ. ಚಪ್ಪರಕ್ಕೆ ಮಣ್ಣು ಹೊತ್ತವನು, ಬುಟ್ಟಿ ಚಾಪೆ ಹೆಣೆದವನು, ಡೋಲು ಬಾರಿಸಿದವನು ಚಪ್ಪರದ ಹೊರಗೇ ಉಣ್ಣಬೇಕಾಗಿದ್ದಿತು. ಕರಾವಳಿಯ ಭೂಮಿ ಮೂಲಗೇಣಿ, ಚಾಲಗೇಣಿಗಳ ಕಟ್ಟಿನಲ್ಲಿದ್ದಾಗ ಚಾಲಗೇಣಿಯ ಒಕ್ಕಲು ತನ್ನ ಮನೆಯ ಶುಭಕಾರ್ಯಕ್ಕೂ ಧಣಿಯ ಮುಖ ನೋಡಬೇಕಾಗಿದ್ದಿತು. ಧಣಿಯಿಂದ ತಂದ ಅಕ್ಕಿ ಮುಯ್ಯಿಯಾಗಿರದೆ ಹಂಗು ಆಗಿರುತ್ತಿತ್ತು. ಭೂಮಿಯೇ ಇಲ್ಲದ ಬಡವನಿಗೆ ಮದುವೆಯ ಸಾಲ ಜೀತದ ಮೊದಲ ಮೆಟ್ಟಿಲಾದ ಉದಾಹರಣೆಗಳು ನಾಡಿನಾದ್ಯಂತ ಇದ್ದವು. ಇನ್ನು ಕನ್ಯೆಯ ಮನಸ್ಸನ್ನು ಕೇಳಿದವರು ಎಷ್ಟು ಜನ? ಅವಳ ವಯಸ್ಸನ್ನು ಎಣಿಸಿದವರು ಎಷ್ಟು ಜನ?

ಈ ದೋಷಗಳನ್ನು ತಿದ್ದಲು ಹೊಸ ಕಾಲವೇ ಬರಬೇಕಾಯಿತು. 1929ರ ಬಾಲ್ಯವಿವಾಹ ನಿರ್ಬಂಧ ಕಾಯಿದೆಯು ಹೆಣ್ಣಿಗೆ 14, ಗಂಡಿಗೆ 18 ವರ್ಷವೆಂದು ಗೊತ್ತುಮಾಡಿತು. 1978ರ ತಿದ್ದುಪಡಿ ಅದನ್ನು 18 ಮತ್ತು 21ಕ್ಕೆ ಏರಿಸಿತು. 1955ರ ಹಿಂದೂ ವಿವಾಹ ಕಾಯಿದೆ ಆಯಾ ಸಮಾಜದ ರೂಢಿಯ ವಿಧಿಗಳಿಗೆ ಮನ್ನಣೆ ನೀಡಿತು. 1961ರ ಕಾಯಿದೆ ವರದಕ್ಷಿಣೆಯನ್ನು ಅಪರಾಧವೆಂದು ಸಾರಿತು. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾನೂನು ದಕ್ಷಿಣ ಕನ್ನಡದ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿಸಿತು. 1976ರ ಕಾನೂನು ಜೀತವನ್ನು ರದ್ದುಪಡಿಸಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ವಿವಾಹಗಳ ನೋಂದಣಿ ಕಡ್ಡಾಯವಾಗಬೇಕೆಂದು ನಿರ್ದೇಶಿಸಿತು. ಮನಸ್ಸಿನ ಮಾತಿಗೂ ಈ ಸೀಮೆಯಲ್ಲಿ ಮೇಲ್ಪಂಕ್ತಿ ಉಂಟು. ಪುತ್ತೂರನ್ನು ಕಾರ್ಯಕ್ಷೇತ್ರ ಮಾಡಿಕೊಂಡಿದ್ದ ಶಿವರಾಮ ಕಾರಂತರು 1936ರಲ್ಲಿ ಜಾತಿಯ ಎಲ್ಲೆಯನ್ನು ದಾಟಿ ಲೀಲಾ ಆಳ್ವರ ಕೈಹಿಡಿದರು. ಹೆಣ್ಣು ಗಂಡಿನ ಒಪ್ಪಿಗೆಯೇ ಮೊದಲ ಮುಹೂರ್ತವೆಂಬ ಮಾತು ಶರಣರ ಕಲ್ಯಾಣವನ್ನು ಬಲ್ಲ ನಮ್ಮ ಭಕ್ತರಿಗೆ ಹೊಸದೇನೂ ಅಲ್ಲ.

ನಗದಿನ ಯುಗಕ್ಕೆ ಮದ್ದು

ನಗದು ಹೊಕ್ಕ ಮೇಲೆ ಮದುವೆಯ ರೂಪ ಬದಲಾಯಿತು. ಮಡಲಿನ ಬದಲು ಬಾಡಿಗೆಯ ಶಾಮಿಯಾನ ಬಂತು. ಅಂಗಳದ ಬದಲು ಕಲ್ಯಾಣಮಂಟಪ. ನೆರೆಕರೆಯವರ ಬದಲು ಅಡುಗೆಯ ಗುತ್ತಿಗೆದಾರ. ಮನೆಮನೆಗೆ ಹೋಗಿ ಹೇಳುವ ಹೇಳಿಕೆಯ ಬದಲು ಅಚ್ಚಾದ ಪತ್ರಿಕೆ. ಇವುಗಳಲ್ಲಿ ಒಂದೊಂದೂ ಒಂದೊಂದು ಅನುಕೂಲವೇ. ಆದರೆ ಒಂದೊಂದು ಅನುಕೂಲವೂ ಒಬ್ಬೊಬ್ಬ ನೆರೆಯವನನ್ನು ಚಪ್ಪರದಿಂದ ಹೊರಗೆ ಕಳುಹಿಸಿತು. ಕೆಲಸ ಮಾಡಲು ಬರುತ್ತಿದ್ದವನು ಈಗ ಉಣ್ಣಲು ಮಾತ್ರ ಬರುತ್ತಾನೆ. ಅಡಿಕೆಗೆ ಬೆಲೆ ಬಂದ ವರ್ಷ ಒಬ್ಬನು ಮಾಡಿದ ಆಡಂಬರ, ಬೆಲೆ ಬಿದ್ದ ವರ್ಷ ಮಗಳನ್ನು ಮದುವೆ ಮಾಡಬೇಕಾದ ಇನ್ನೊಬ್ಬನಿಗೆ ಅಳತೆಗೋಲಾಗುತ್ತದೆ. ಅವನು ತೋಟವನ್ನು ಅಡವಿಟ್ಟು ಆ ಅಳತೆಗೆ ಏರುತ್ತಾನೆ. ಒಂದು ದಿನದ ಊಟಕ್ಕಾಗಿ ಮೂವತ್ತು ವರ್ಷ ಫಲ ಕೊಡುವ ತೋಟ!

ಈ ರೋಗಕ್ಕೆ ಇದೇ ಜಿಲ್ಲೆ ಮದ್ದನ್ನೂ ಹುಡುಕಿದೆ. ಆ ಮದ್ದು ಐವತ್ತೊಕ್ಕಲಿನ ಹಳೆಯ ತತ್ತ್ವವೇ, ಹೊಸ ವೇಷದಲ್ಲಿ. 1909ರಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಸಂಘವನ್ನು ಕಟ್ಟಿದರು. ನಾಲ್ಕು ಜನರ ಉಳಿತಾಯ ಐದನೆಯವನ ಕಷ್ಟಕ್ಕೆ ಒದಗುವ ಈ ಏರ್ಪಾಡು ಮುಯ್ಯಿಗೆ ಲೆಕ್ಕದ ಪುಸ್ತಕ ಸೇರಿಸಿದಂತೆ. 1928ರಲ್ಲಿ ಉಡುಪಿಯ ಬ್ಯಾಂಕೊಂದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದುದು, ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟನ್ನೂ ಮನೆಬಾಗಿಲಲ್ಲೇ ಸಂಗ್ರಹಿಸುವ ಈ ಕ್ರಮ, ಮದುವೆಯಂಥ ದೊಡ್ಡ ಖರ್ಚಿಗೆ ಸಾಲವೊಂದೇ ದಾರಿಯಲ್ಲವೆಂದು ಕರಾವಳಿಯ ಬಡವರಿಗೆ ತೋರಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ಜನರ ನಾಲಗೆಯಲ್ಲಿ ಉಳಿದಿದೆ.

ಸಾಲಕ್ಕೆ ಉತ್ತರವಾಗಿ ಮದುವೆಯ ರೂಪವನ್ನೇ ಬದಲಿಸಿದವರೂ ಇದ್ದಾರೆ. 1966ರಲ್ಲಿ ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಮಂತ್ರಮಾಂಗಲ್ಯವೆಂಬ ಸರಳ ವಿಧಾನದಿಂದ ನೆರವೇರಿಸಿದರು. ಆಡಂಬರವಿಲ್ಲ, ವರದಕ್ಷಿಣೆಯಿಲ್ಲ; ವಧೂವರರು ಅರ್ಥ ತಿಳಿದು ಒಪ್ಪುವ ಮಾತುಗಳೇ ಅಲ್ಲಿ ಪ್ರಧಾನ. ಅದಾದ ಆರು ವರ್ಷಕ್ಕೆ, 1972ರಲ್ಲಿ, ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಉಚಿತ ಸಾಮೂಹಿಕ ವಿವಾಹವನ್ನು ಆರಂಭಿಸಿದರು. ವಧುವಿಗೆ ಸೀರೆ, ಮಾಂಗಲ್ಯ, ವರನಿಗೆ ಧೋತಿ, ಬಂದ ಬಂಧುಗಳಿಗೆ ಊಟ, ಇವೆಲ್ಲವೂ ಕ್ಷೇತ್ರದ್ದೇ. ವಯಸ್ಸಿನ ದಾಖಲೆ ನೋಡದೆ, ಊರಿನವರಿಂದ ವಿಚಾರಿಸದೆ ಹೆಸರು ಬರೆಸಿಕೊಳ್ಳುವುದಿಲ್ಲ. ಅಂದಿನಿಂದ 12,000ಕ್ಕೂ ಮಿಕ್ಕಿದ ಜೋಡಿಗಳು ಅಲ್ಲಿ ಗೃಹಸ್ಥರಾಗಿದ್ದಾರೆ. ಜೈನ ಮನೆತನವೊಂದರ ಆಶ್ರಯದಲ್ಲಿ ಶಿವಸನ್ನಿಧಿಯಲ್ಲಿ ಎಲ್ಲ ಜಾತಿಯ ಜೋಡಿಗಳು ಒಂದೇ ಚಪ್ಪರದಡಿ ಕುಳಿತಾಗ, ಹಳೆಯ ಚಪ್ಪರದ ಹೊರಗೆ ಉಂಡವನ ಮೊಮ್ಮಗನಿಗೂ ಒಳಗೆ ಹಸೆ ಸಿಕ್ಕಿತು. ಘಟ್ಟದ ಮೇಲೆ ಸುತ್ತೂರಿನ ಜಾತ್ರೆಯಲ್ಲಿ ಹಾಗೂ ನಾಡಿನ ಇನ್ನೂ ಅನೇಕ ಮಠಗಳ ಉತ್ಸವಗಳಲ್ಲಿ ಸಾಮೂಹಿಕ ವಿವಾಹಗಳು ನಡೆಯುತ್ತ ಬಂದಿರುವುದು ನಮ್ಮ ಓದುಗರಿಗೆ ತಿಳಿದೇ ಇದೆ.

ಸರಕಾರವೂ ಈ ದಾರಿಯನ್ನು ಹಿಡಿಯಿತು. ಮುಜರಾಯಿ ಇಲಾಖೆಯ ದೊಡ್ಡ ದೇವಸ್ಥಾನಗಳಲ್ಲಿ ಸಪ್ತಪದಿ ಎಂಬ ಹೆಸರಿನ ಸಾಮೂಹಿಕ ವಿವಾಹಗಳನ್ನು 2020ರ ಏಪ್ರಿಲ್‌ನಲ್ಲಿ ಆರಂಭಿಸಬೇಕೆಂದು ಯೋಜಿಸಲಾಯಿತು. ವಧುವಿಗೆ 8 ಗ್ರಾಂ ಚಿನ್ನದ ಮಾಂಗಲ್ಯ ಮತ್ತು 10,000 ರೂಪಾಯಿ, ವರನಿಗೆ 5,000 ರೂಪಾಯಿ ಎಂದು ಗೊತ್ತಾಗಿದ್ದಿತು. ಅಷ್ಟರಲ್ಲಿ ಕೊರೋನಾ ವ್ಯಾಧಿ ಬಂದು ಎಲ್ಲವೂ ಮುಂದೂಡಲ್ಪಟ್ಟಿತು. ಆ ವರ್ಷದ ಮೇ ತಿಂಗಳಲ್ಲಿ ದೇಶದಾದ್ಯಂತ ಮದುವೆಗೆ 50 ಜನರಿಗಿಂತ ಹೆಚ್ಚು ಸೇರಬಾರದೆಂಬ ನಿಯಮವಿದ್ದಿತು. ಆಗ ನಡೆದ ಮದುವೆಗಳು ಮದುವೆಗಳಾಗದೆ ಹೋದವೇ? ಆ ದಂಪತಿಗಳೂ ಇಂದು ಮಕ್ಕಳೊಂದಿಗರಾಗಿ ಸುಖವಾಗಿಯೇ ಇದ್ದಾರೆ. ಸಾವಿರ ಜನರಿಲ್ಲದೆ ಮದುವೆ ಸಾಧ್ಯವೇ ಇಲ್ಲವೆಂಬುದು ನಮ್ಮ ಭ್ರಮೆಯೆಂದು ಒಂದು ವ್ಯಾಧಿ ಬಂದು ಕಲಿಸಬೇಕಾಯಿತು.

ಚರಿತ್ರೆಯಿಂದ ಪಡೆಯುವ ಬುದ್ಧಿ

ಇನ್ನು ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಎಲ್ಲಿಂದ ಆರಂಭಿಸಬೇಕು? ಪಂಜ ಸೀಮೆಯ ಚರಿತ್ರೆಯನ್ನು ಓದಿದವನಿಗೆ ಕೆಲವು ಮಾತುಗಳು ಸ್ಪಷ್ಟವಾಗಿ ಕಾಣುತ್ತವೆ.

ಒಂದನೆಯದಾಗಿ, ಹಣವನ್ನು ಎಣಿಸುವ ಮುನ್ನ ಮನೆಗಳನ್ನು ಎಣಿಸಿರಿ. ನಮ್ಮ ಮನೆಯ ಕಾರ್ಯಕ್ಕೆ ಕೆಲಸ ಮಾಡಲು ಬರುವ ಮನೆಗಳೆಷ್ಟು, ಉಣ್ಣಲು ಮಾತ್ರ ಬರುವ ಮನೆಗಳೆಷ್ಟು ಎಂದು ಎರಡು ಪಟ್ಟಿ ಬರೆಯಿರಿ. ಮೊದಲನೆಯ ಪಟ್ಟಿಯವರನ್ನು ಮನೆಗೆ ಕರೆದು ಕೂರಿಸಿ, ಆಗಬೇಕಾದ ಕೆಲಸಗಳನ್ನು ಓದಿ ಹೇಳಿರಿ. ಅವರು ತಾವಾಗಿ ವಹಿಸಿಕೊಂಡ ಪ್ರತಿಯೊಂದು ಕೆಲಸವೂ ನಿಮ್ಮ ಸಾಲದಿಂದ ಕಳೆದ ಮೊತ್ತ. ಮೊದಲನೆಯ ಪಟ್ಟಿ ತೀರ ಚಿಕ್ಕದಾಗಿದ್ದರೆ, ನಾವು ಎಷ್ಟು ಮನೆಗಳ ಚಪ್ಪರಕ್ಕೆ ಕೈನೀಡಿದ್ದೇವೆಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಎರಡನೆಯದಾಗಿ, ನಿಶ್ಚಿತಾರ್ಥದ ದಿನವೇ ಎರಡೂ ಕಡೆಯ ಹಿರಿಯರು ಕುಳಿತು ಖರ್ಚಿನ ಮಿತಿಯನ್ನು ಬರೆದಿಡಲಿ. ಅದನ್ನು ಇಬ್ಬರೂ ಸಮನಾಗಿ ಹೊರಲಿ. ಹಿಂದಿನವರು ಹತ್ತು ಜನರ ಮುಂದೆ ವೀಳ್ಯವನ್ನು ಬದಲಿಸಿಕೊಳ್ಳುತ್ತಿದ್ದುದು ಮಾತಿಗೆ ಸಾಕ್ಷಿಯಿರಲೆಂದು. ಆ ಸಾಕ್ಷಿಯ ಎದುರಿನಲ್ಲೇ ಖರ್ಚಿನ ಮಾತೂ ಆಗಲಿ. ವರನ ಕಡೆಯವರು ಬಾಯಿಬಿಟ್ಟು “ಇಷ್ಟು ಸಾಕು” ಎಂದರೆ ಹೆಣ್ಣಿನ ತಂದೆಯ ಅರ್ಧ ಭಾರ ಇಳಿಯುತ್ತದೆ. ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ನಿರೀಕ್ಷಿಸುವುದು ವರದಕ್ಷಿಣೆಯ ಸೋದರನೇ.

ಮೂರನೆಯದಾಗಿ, ಭೂಮಿಯನ್ನು ಅಡವಿಟ್ಟು ಊಟ ಹಾಕಬೇಡಿರಿ. 1974ರ ಕಾನೂನಿನಿಂದ ತಂದೆಗೆ ಬಂದ ಗೇಣಿಯ ಭೂಮಿಯನ್ನು ಮಗನು ಮದುವೆಯ ಸಾಲಕ್ಕೆ ಕಳೆದುಕೊಂಡರೆ ಒಂದು ತಲೆಮಾರಿನ ಹೋರಾಟ ಒಂದು ಮಧ್ಯಾಹ್ನದಲ್ಲಿ ಕರಗಿದಂತೆ. ಮಕ್ಕಳು ಚಿಕ್ಕವರಿದ್ದಾಗಲೇ ಊರಿನ ಸಹಕಾರಿ ಸಂಘದಲ್ಲೋ ಅಂಚೆ ಕಚೇರಿಯಲ್ಲೋ ಸ್ವಲ್ಪ ಸ್ವಲ್ಪ ಕೂಡಿಡುವುದು ಮೇಲು. ಅದರಿಂದ ಆಗುವಷ್ಟೇ ಮದುವೆ ನಿಮ್ಮ ಅಳತೆಯ ಮದುವೆ.

ನಾಲ್ಕನೆಯದಾಗಿ, ವಧೂವರರ ವಯಸ್ಸಿನ ದಾಖಲೆಯನ್ನು ಪಂಚಾಂಗಕ್ಕಿಂತ ಮೊದಲು ನೋಡಿರಿ. ಮದುವೆಯಾದ ಕೂಡಲೇ ನೋಂದಣಿ ಮಾಡಿಸಿರಿ. ಹಿಂದೆ ಐವತ್ತು ಒಕ್ಕಲಿನ ಕಣ್ಣೇ ನೋಂದಣಿಯಾಗಿದ್ದಿತು. ಇಂದು ಮಗಳು ದೂರದ ನಗರದಲ್ಲೋ ಪರದೇಶದಲ್ಲೋ ಬಾಳಬೇಕಾದಾಗ ಆ ಒಕ್ಕಲುಗಳು ಸಾಕ್ಷಿ ಹೇಳಲು ಬರಲಾರವು. ಆ ಒಂದು ಹಾಳೆ ಹೇಳುತ್ತದೆ.

ಕೊನೆಯದಾಗಿ, ಸಾಮೂಹಿಕ ವಿವಾಹವೆಂದರೆ ಬಡತನದ ಗುರುತೆಂದು ತಿಳಿಯುವ ದುರಭಿಮಾನವನ್ನು ಬಿಡಬೇಕು. ಉಳ್ಳವರು ತಮ್ಮ ಮಕ್ಕಳನ್ನೂ ಅದೇ ಸಾಲಿನಲ್ಲಿ ಕೂರಿಸಿದ ದಿನ ಆ ಅಳುಕು ತಾನಾಗಿಯೇ ಅಳಿಯುತ್ತದೆ. ಮಠದ ಹಳೆಯ ವಿದ್ಯಾರ್ಥಿಗಳಾದ ನೀವು ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಚಾಪೆಯ ಸಾಲಿನಲ್ಲಿ ಮಲಗಿ ಓದಿದವರು. ಆ ಪಂಕ್ತಿಯ ಪಾಠವನ್ನು ನಿಮ್ಮ ಮನೆಯ ಮದುವೆಯಲ್ಲಿ ನೆನೆಯುವುದು ನಿಮಗೆ ಕಷ್ಟವಾಗಲಾರದು.

1837ರಲ್ಲಿ ಮದುವೆಗದ್ದೆಯಲ್ಲಿ ಸೇರಿದ ಜನ ಒಂದು ಸಾಮ್ರಾಜ್ಯವನ್ನು ಎದುರಿಸಲು ತಕ್ಕಷ್ಟು ಬಲವನ್ನು ತಮ್ಮ ತಮ್ಮ ಮನೆಗಳಿಂದಲೇ ತಂದಿದ್ದರು. ನಾವು ಎದುರಿಸಬೇಕಾಗಿರುವುದು ಅಷ್ಟು ದೊಡ್ಡ ಶತ್ರುವನ್ನಲ್ಲ. ನೆರೆಯವನು ಏನೆಂದುಕೊಂಡಾನು ಎಂಬ ಅಂಜಿಕೆಯನ್ನು ಮಾತ್ರ. ಆ ನೆರೆಯವನನ್ನೇ ಚಪ್ಪರದ ಕಂಬ ಹಿಡಿಯಲು ಕರೆದರೆ ಅಂಜಿಕೆಗೆ ಎಡೆಯೆಲ್ಲಿ? ಈ ವರ್ಷ ಯಾರ ಮನೆಯಲ್ಲಿ ಲಗ್ನ ಗೊತ್ತಾಗಿದೆಯೋ ಅವರ ಮನೆಯಲ್ಲಿ ಧಾರೆ ಸಾಂಗವಾಗಲಿ, ಸಾಲ ಹುಟ್ಟದಿರಲಿ. ನವದಂಪತಿಗಳ ಮೊದಲ ಬೆಳಗು ಲೆಕ್ಕದ ಚೀಟಿಯನ್ನು ನೋಡುವುದರಿಂದ ಆರಂಭವಾಗದಿರಲಿ.